ಡಿಕ್ಕಿಯಲ್ಲಿ ಬಂದ ರೆಕ್ಕೆ

1973ರ ಬೇಸಿಗೆ ಕಳೆಯುವ ಹೊತ್ತಿಗೆ ಪಶ್ಚಿಮ ಜರ್ಮನಿಯಲ್ಲಿ ಬಿಎಂಡಬ್ಲ್ಯೂ ಕಂಪನಿಯ 3.0 ಸಿಎಸ್‌ಎಲ್ ಎಂಬ ಎರಡು ಬಾಗಿಲಿನ ಕಾರು ಕೊಂಡವರು ಡಿಕ್ಕಿ ತೆಗೆದರೆ ಅಲ್ಲೊಂದು ವಿಚಿತ್ರ ಸಾಮಾನು ಇರುತ್ತಿತ್ತು. ಕಾರಿನ ಅಗಲಕ್ಕೂ ಚಾಚುವ ಒಂದು ರೆಕ್ಕೆ, ಅದನ್ನು ಎತ್ತಿ ಹಿಡಿಯಲು ಕಾಲುಗಳು. ಕಂಪನಿಯೇ ಮಾಡಿದ್ದು, ಆ ಕಾರಿಗೆಂದೇ ಅಳತೆ ಹಿಡಿದು ಮಾಡಿದ್ದು. ಆದರೂ ಅದನ್ನು ಕೂರಿಸಿ ಕೊಡುವಂತಿರಲಿಲ್ಲ. ಅಂಥ ರೆಕ್ಕೆ ಹೊತ್ತ ಕಾರು ರಸ್ತೆಗಿಳಿಯಕೂಡದು ಎಂದು ಜರ್ಮನಿಯ ಸಾರಿಗೆ ಕಾನೂನು ಹೇಳುತ್ತಿತ್ತು. ಗಿರಾಕಿಗೆ ಮಾರಿದ ಕಾರಿನಲ್ಲಿ ಇಲ್ಲದ ರೆಕ್ಕೆಯನ್ನು ರೇಸಿನ ಕಾರಿಗೆ ಹಾಕಕೂಡದು ಎಂದು ರೇಸಿನ ಕಾನೂನು ಹೇಳುತ್ತಿತ್ತು. ಎರಡು ಕಾನೂನಿನ ನಡುವೆ ಇದ್ದ ಜಾಗ ಡಿಕ್ಕಿಯೊಂದೇ. ಮಾರಿದ ಲೆಕ್ಕವೂ ಆಯಿತು, ಕೂರಿಸದೆ ಬಿಟ್ಟ ಲೆಕ್ಕವೂ ಆಯಿತು. ಬೇಕಾದವರು ಮನೆಗೆ ಹೋಗಿ ಬೋಲ್ಟು ಬಿಗಿದುಕೊಳ್ಳಬಹುದಿತ್ತು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರ ಕಥೆ ಇದು. ಕಾರಿನ ಹಿಂಭಾಗದ ಸ್ಪಾಯ್ಲರನ್ನು ಗಾಳಿ ರೂಪಿಸಿತು ಎಂದು ಎಂಜಿನಿಯರಿಂಗ್ ಪುಸ್ತಕಗಳು ಹೇಳುತ್ತವೆ. ಅದು ಅರ್ಧ ಸತ್ಯ. ಅದು ಅಂಗಡಿಯಲ್ಲಿ ಮಾರುವ ಕಾರಿನ ಬೆನ್ನೇರುವಂತೆ ಮಾಡಿದ್ದು ರೇಸಿನ ಗುಮಾಸ್ತರು ಬರೆದ ಸಂಖ್ಯೆಗಳು: 25, 100, 500, 5,000.

ಗಾಳಿಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ಕಾರಿನ ತಳ ಹೆಚ್ಚುಕಡಿಮೆ ಚಪ್ಪಟೆ, ಮೇಲ್ಭಾಗ ಉಬ್ಬು. ಉಬ್ಬಿನ ಮೇಲೆ ಹರಿಯುವ ಗಾಳಿ ವೇಗ ಪಡೆದಂತೆ ಅದರ ಒತ್ತಡ ಇಳಿಯುತ್ತದೆ, ಕಾರನ್ನು ಮೇಲಕ್ಕೆ ಎಳೆದಂತಾಗುತ್ತದೆ. ವಿಮಾನ ಏಳುವುದೂ ಇದೇ ಬಲದಿಂದ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ಗಂಟೆಗೆ 60 ಕಿಲೋಮೀಟರಿನಲ್ಲಿ ಇದ್ದದ್ದು 240ರಲ್ಲಿ ಹದಿನಾರು ಪಟ್ಟು. ಹಿಂದಿನ ಚಕ್ರ ಹಗುರಾಗಿ, ತಿರುವಿನಲ್ಲಿ ಹಿಡಿತ ತಪ್ಪಿ, ಬಾಲ ಹೊರಕ್ಕೆ ಜಾರುತ್ತದೆ. ಹಿಂದೆ ಒಂದು ತಗಡು ನಿಲ್ಲಿಸಿ ಗಾಳಿಯ ಹರಿವನ್ನು ಕೆಡಿಸಿದರೆ ಆ ಎಳೆತ ಮುರಿಯುತ್ತದೆ. ತಗಡಿನ ಬದಲು ವಿಮಾನದ ರೆಕ್ಕೆಯನ್ನೇ ತಲೆಕೆಳಗು ಮಾಡಿ ನಿಲ್ಲಿಸಿದರೆ ಎಳೆತ ಮುರಿಯುವುದಷ್ಟೇ ಅಲ್ಲ, ಗಾಳಿಯೇ ಕಾರನ್ನು ನೆಲಕ್ಕೆ ಒತ್ತುತ್ತದೆ.

ಹಾಗಾಗಿ ರಾಯದುರ್ಗದ ಬಸ್ ನಿಲ್ದಾಣದ ಪಕ್ಕ ನಿಂತ ಸಣ್ಣ ಕಾರಿನ ಡಿಕ್ಕಿಯ ಮೇಲೆ ಎರಡೂ ಬದಿ ಅಂಟುವ ಟೇಪಿನಿಂದ ಅಂಟಿಸಿದ ಪ್ಲಾಸ್ಟಿಕ್ ಸ್ಪಾಯ್ಲರಿಗೂ ಗಾಳಿಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಆ ಕಾರಿನ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಕಲ್ಯಾಣದುರ್ಗದ ರಸ್ತೆ ಕೊಡುವ ವೇಗದಲ್ಲಿ ಹಿಂದಿನ ಚಕ್ರ ಹಗುರಾಗುವ ಪ್ರಶ್ನೆಯೇ ಇಲ್ಲ. ಮಡಕಶಿರಾ ಕಡೆಯವರು ಅನಂತಪುರಕ್ಕೆ ಹೋಗುವಾಗ ಪೆನುಕೊಂಡದ ಹತ್ತಿರ ಹೆದ್ದಾರಿಯ ಬದಿಯಲ್ಲಿ ಕಿಯಾ ಕಾರ್ಖಾನೆ ಕಾಣುತ್ತದೆ. 2019ರಿಂದ ಅಲ್ಲಿಂದ ಸೆಲ್ಟೋಸ್ ಕಾರುಗಳು ಹೊರಬರುತ್ತಿವೆ, ಅವುಗಳ ಚಾವಣಿಯ ಹಿಂತುದಿಯಲ್ಲೂ ಸಣ್ಣದೊಂದು ಸ್ಪಾಯ್ಲರ್ ಇದೆ. ಅದನ್ನು ಹಾಕಿ ಎಂದು ಯಾವ ರೇಸಿನ ನಿಯಮವೂ ಕೇಳಿಲ್ಲ. ಈಗ ಕಾರು ಎಂದರೆ ಅದು ಇರಬೇಕು, ಅಷ್ಟೆ. ಈ ಷೋಕಿ ಹುಟ್ಟಿದ್ದು ಮಾತ್ರ ಲೆಕ್ಕಾಚಾರದ ಜಗಳದಲ್ಲಿ.

ಜಗಳದ ಮೂಲ ಸರಳ. ಜಿಟಿ ಮತ್ತು ಟೂರಿಂಗ್ ಕಾರುಗಳ ರೇಸಿನಲ್ಲಿ ಓಡುವುದು ಜನ ಕೊಳ್ಳಬಹುದಾದ ಕಾರೇ ಆಗಿರಬೇಕೆಂಬುದು ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಎಫ್‌ಐಎಯ ಹಟ. ಇಲ್ಲದಿದ್ದರೆ ದುಡ್ಡಿದ್ದ ಕಂಪನಿ ಒಂದೇ ಒಂದು ರಾಕ್ಷಸ ಕಾರು ಮಾಡಿ ಎಲ್ಲರನ್ನೂ ಸೋಲಿಸಿಬಿಡುತ್ತದೆ. ಅದಕ್ಕೆ ಹೋಮೋಲೊಗೇಷನ್ ಎಂಬ ವ್ಯವಸ್ಥೆ ಬಂತು: ಇಂತಿಷ್ಟು ಕಾರು ಮಾಡಿ ತೋರಿಸಿ, ಪ್ರತಿ ಭಾಗದ ಅಳತೆ, ಫೋಟೋ ಸಮೇತ ಅರ್ಜಿ ತುಂಬಿ, ಒಪ್ಪಿಗೆ ಪಡೆಯಿರಿ. ಉದ್ದೇಶ, ರಸ್ತೆಯ ಕಾರು ರೇಸಿಗೆ ಹೋಗಲಿ ಎಂದು. ಆದದ್ದು ಉಲ್ಟಾ. ಮೊದಲು ರೇಸಿನ ಕಾರು ಮಾಡಿಕೊಂಡು, ಆಮೇಲೆ ಅದರ ಹೆಸರಿನಲ್ಲಿ ಐನೂರು ಜನಕ್ಕೆ ರಸ್ತೆಯ ಕಾರು ಮಾರುವ ಪದ್ಧತಿ ಹುಟ್ಟಿತು.

ರೆಕ್ಕೆಯ ಆಲೋಚನೆ ಅದಕ್ಕಿಂತ ಹಳೆಯದು. 1956ರಲ್ಲಿ ಮೈಕೆಲ್ ಮೇ ಎಂಬ ಸ್ವಿಸ್ ಯುವ ಎಂಜಿನಿಯರ್ ತನ್ನ ಪೋರ್ಷೆ 550 ಸ್ಪೈಡರಿನ ಚಾಲಕನ ತಲೆಯ ಮೇಲೆ ದೊಡ್ಡದೊಂದು ತಲೆಕೆಳಗಾದ ರೆಕ್ಕೆ ನಿಲ್ಲಿಸಿಕೊಂಡು ಜರ್ಮನಿಯ ನೂರ್ಬರ್ಗ್‌ರಿಂಗ್ ಟ್ರ್ಯಾಕಿಗೆ ಬಂದ. ಅಭ್ಯಾಸದಲ್ಲಿ ಪೋರ್ಷೆ ಕಂಪನಿಯ ಸ್ವಂತ ಕಾರುಗಳಿಗಿಂತ ವೇಗವಾಗಿ ಓಡಿಸಿ ತೋರಿಸಿದ. ಹಿಂದಿನವರಿಗೆ ದಾರಿ ಕಾಣುವುದಿಲ್ಲ, ಅಪಾಯ ಎಂದು ಸಂಘಟಕರು ತೆಗೆಸಿಹಾಕಿದರು. ಹತ್ತು ವರ್ಷ ಆ ವಿಚಾರಕ್ಕೆ ಯಾರೂ ಕೈ ಹಾಕಲಿಲ್ಲ.

ಸ್ಪಾಯ್ಲರ್ ಬಂದದ್ದು ಬೇರೆ ದಾರಿಯಲ್ಲಿ, ಹೊಗೆಯ ಕಾಟದಿಂದ. 1961ರಲ್ಲಿ ಇಟಲಿಯ ಮೊಂಝಾದಲ್ಲಿ ಫೆರಾರಿಯ ಹೊಸ 246 ಎಸ್‌ಪಿ ಕಾರಿನ ಪರೀಕ್ಷೆ ನಡೆಯುತ್ತಿದ್ದಾಗ ಹಿಂದಿನಿಂದ ಹೊಗೆ ಸುತ್ತಿಕೊಂಡು ಚಾಲಕನ ಜಾಗಕ್ಕೇ ಬರುತ್ತಿತ್ತು. ಅಮೆರಿಕದ ಚಾಲಕ ರಿಚಿ ಗಿಂಥರ್ ಸೈನ್ಯದಲ್ಲಿ ವಿಮಾನದ ಮೆಕ್ಯಾನಿಕ್ ಆಗಿದ್ದವನು. ಬಾಲದ ಅಂಚಿಗೆ ಒಂದು ತಗಡು ಎಬ್ಬಿಸಿ ನಿಲ್ಲಿಸಿ ನೋಡೋಣ ಎಂದ. ಹೊಗೆಗಾಗಿ ಹಾಕಿದ ತಗಡಿನಿಂದ ಕಾರಿನ ಬಾಲವೇ ನೆಟ್ಟಗಾಯಿತು. ಫೆರಾರಿ ಆ ತಗಡನ್ನು ಬಿಡಲಿಲ್ಲ. ಮರುವರ್ಷ ಬಂದ 250 ಜಿಟಿಒ ಕಾರಿನ ಹಿಂಭಾಗದಲ್ಲಿ ಅದು ಮೊದಲು ಬೇರೆ ತುಂಡಾಗಿ ಕೂತು, ಆಮೇಲೆ ದೇಹದಲ್ಲೇ ಬೆರೆತುಹೋಯಿತು.

ಜಿಟಿಒ ಎಂಬ ಮೂರಕ್ಷರದ ಕೊನೆಯದು 'ಒಪ್ಪಿಗೆ ಪಡೆದದ್ದು' ಎಂಬ ಇಟಾಲಿಯನ್ ಮಾತಿನದು. ಒಪ್ಪಿಗೆ ಸಿಕ್ಕ ರೀತಿ ಮಾತ್ರ ಹಾಗೇ ಹೀಗೇ. ನಿಯಮ ಕೇಳಿದ್ದು 100 ಕಾರು. ಫೆರಾರಿ 1962ರಿಂದ 1964ರವರೆಗೆ ಮಾಡಿದ್ದು 36. ಇದು ಹೊಸ ಕಾರೇ ಅಲ್ಲ ಸ್ವಾಮಿ, ಈಗಾಗಲೇ ನೂರಕ್ಕಿಂತ ಹೆಚ್ಚು ಮಾಡಿರುವ ನಮ್ಮ 250 ಜಿಟಿಗೆ ಬೇರೆ ಅಂಗಿ ತೊಡಿಸಿದ್ದೇವೆ ಎಂಬುದು ಅವರ ವಾದ, ಅಧಿಕಾರಿಗಳೂ ತಲೆಯಾಡಿಸಿದರು. ಒಮ್ಮೆ ನಡೆದ ಆಟ ಇನ್ನೊಮ್ಮೆ ನಡೆಯಲಿಲ್ಲ. 1964ರಲ್ಲಿ ಎಂಜಿನನ್ನು ಮುಂದಿನಿಂದ ನಡುವಿಗೆ ತಂದು ಮಾಡಿದ 250 ಎಲ್‌ಎಂ ಕಾರನ್ನೂ ಅದೇ ಹಳೆಯದರ ಮುಂದುವರಿಕೆ ಎಂದು ಎಂಜೊ ಫೆರಾರಿ ವಾದಿಸಿದಾಗ ಎಫ್‌ಐಎ ಒಪ್ಪಲಿಲ್ಲ. ಇಟಲಿಯ ಮೋಟಾರು ಕ್ಲಬ್ಬು ತನ್ನ ಬೆನ್ನಿಗೆ ನಿಲ್ಲಲಿಲ್ಲವೆಂದು ಮುನಿಸಿಕೊಂಡ ಎಂಜೊ, ಆ ವರ್ಷದ ಕೊನೆಯ ಎರಡು ಫಾರ್ಮುಲಾ ಒನ್ ರೇಸುಗಳಲ್ಲಿ ತನ್ನ ಕಾರುಗಳಿಗೆ ಕೆಂಪು ಬಣ್ಣವನ್ನೇ ಹಚ್ಚಲಿಲ್ಲ. ಜಾನ್ ಸರ್ಟೀಸ್ ವಿಶ್ವ ಚಾಂಪಿಯನ್ ಆದದ್ದು ಬಿಳಿ-ನೀಲಿ ಫೆರಾರಿಯಲ್ಲಿ. ನೂರರ ಲೆಕ್ಕ ತಪ್ಪಿದ್ದಕ್ಕೆ ಬಣ್ಣವೇ ಬದಲಾಯಿತು.

ಇತ್ತ ಎತ್ತರದ ರೆಕ್ಕೆಗಳೂ ಮರಳಿ ಬಂದಿದ್ದವು. 1966ರಲ್ಲಿ ಅಮೆರಿಕದ ಟೆಕ್ಸಸ್‌ನ ಜಿಮ್ ಹಾಲ್ ತನ್ನ ಶಾಪರಾಲ್ 2ಇ ಕಾರಿಗೆ ಕಂಬಗಳ ಮೇಲೆ ರೆಕ್ಕೆ ಕಟ್ಟಿ, ನೇರ ರಸ್ತೆಯಲ್ಲಿ ಅದನ್ನು ಮಲಗಿಸಲು ಚಾಲಕನ ಎಡಗಾಲಿಗೆ ಒಂದು ಪೆಡಲ್ ಕೊಟ್ಟ. 1968ರ ಬೆಲ್ಜಿಯಂ ಗ್ರಾನ್ ಪ್ರಿಯಲ್ಲಿ ರೆಕ್ಕೆ ಹೊತ್ತ ಫೆರಾರಿಯನ್ನು ಕ್ರಿಸ್ ಏಮನ್ ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ಈ ಏಮನ್ ಹೆಸರನ್ನು ನೆನಪಿಟ್ಟುಕೊಳ್ಳಿ. ಮರುವರ್ಷ ಎಲ್ಲರ ರೆಕ್ಕೆಯೂ ಸೌದೆಕಡ್ಡಿಯಂಥ ಕಂಬಗಳ ಮೇಲೆ ಎತ್ತರೆತ್ತರ ಹೋಗಿ, 1969ರ ಮೇ 4ರಂದು ಬಾರ್ಸಿಲೋನಾದಲ್ಲಿ ಗ್ರಹಾಂ ಹಿಲ್ ಮತ್ತು ಯೋಖನ್ ರಿಂಟ್ ಇಬ್ಬರ ಲೋಟಸ್ ಕಾರುಗಳ ರೆಕ್ಕೆಯೂ ಮುರಿದು ಭಾರಿ ಅಪಘಾತವಾಯಿತು. ಇಬ್ಬರೂ ಬದುಕಿದರು. ಎರಡೇ ವಾರದಲ್ಲಿ, ಮೊನಾಕೊದಲ್ಲಿ ಅಭ್ಯಾಸ ಶುರುವಾಗಿ ಸಮಯಗಳೂ ದಾಖಲಾದ ಮೇಲೆ, ಎತ್ತರದ ರೆಕ್ಕೆಗೆ ನಿಷೇಧ ಬಿತ್ತು.

ಅದೇ ವಸಂತದಲ್ಲಿ ಸ್ಟುಟ್‌ಗಾರ್ಟಿನ ಪೋರ್ಷೆ ಕಾರ್ಖಾನೆಯ ಅಂಗಳದಲ್ಲಿ ಹೋಮೋಲೊಗೇಷನ್ ಇತಿಹಾಸದ ಅತಿ ಪ್ರಸಿದ್ಧ ಎಣಿಕೆ ನಡೆಯಿತು. ಐದು ಲೀಟರ್ ಎಂಜಿನಿನ ಸ್ಪೋರ್ಟ್ಸ್ ಕಾರಿಗೆ ಬೇಕಾದ ಸಂಖ್ಯೆಯನ್ನು 50ರಿಂದ 25ಕ್ಕೆ ಇಳಿಸಿದ್ದರು. ಯಾವ ಕಂಪನಿಯೂ 25 ಶುದ್ಧ ರೇಸ್ ಕಾರು ಮಾಡುವ ಹುಚ್ಚಿಗೆ ಹೋಗಲಾರದೆಂಬ ಭರವಸೆ ನಿಯಮ ಬರೆದವರಿಗಿದ್ದಿರಬೇಕು. ಪೋರ್ಷೆಯ ಫರ್ಡಿನಾಂಡ್ ಪೀಯೆಕ್ ಆ ಹುಚ್ಚಿಗೆ ಹೋದ. ಮಾರ್ಚಿನಲ್ಲಿ ಅಧಿಕಾರಿಗಳು ಬಂದಾಗ ಹಲವು ಕಾರುಗಳು ಬಿಡಿಭಾಗಗಳಾಗಿಯೇ ಇದ್ದವು. ಜೋಡಿಸಿ ತೋರಿಸಿದರಷ್ಟೇ ಲೆಕ್ಕ ಎಂದು ಅವರು ಹೊರಟುಹೋದರು. ಆಫೀಸಿನ ಗುಮಾಸ್ತರೂ ಸ್ಪ್ಯಾನರ್ ಹಿಡಿದು ಕಾರು ಜೋಡಿಸಿದರೆಂದು ಇವತ್ತಿಗೂ ಹೇಳುತ್ತಾರೆ. ಏಪ್ರಿಲ್ 21ರಂದು 25 ಬಿಳಿ ಪೋರ್ಷೆ 917 ಕಾರುಗಳು ಒಂದೇ ಸಾಲಿನಲ್ಲಿ ನಿಂತವು. ಆ ಫೋಟೋ ನೋಡಿದರೆ ಮಿಲಿಟರಿ ಪರೇಡಿನಷ್ಟು ಅಚ್ಚುಕಟ್ಟು.

ಸಾಲು ಚೆನ್ನಾಗಿತ್ತು, ಕಾರು ಚೆನ್ನಾಗಿರಲಿಲ್ಲ. ಉದ್ದ ಬಾಲದ 917 ವೇಗ ಹಿಡಿದರೆ ದಿಕ್ಕು ತಪ್ಪುತ್ತಿತ್ತು, ಅನುಭವಿ ಚಾಲಕರೇ ಹತ್ತಲು ಹಿಂಜರಿದರು. ಆ ವರ್ಷ ಅಕ್ಟೋಬರಿನಲ್ಲಿ ಆಸ್ಟ್ರಿಯಾದ ಟ್ರ್ಯಾಕಿನಲ್ಲಿ ಪರೀಕ್ಷೆಗೆ ನಿಂತಿದ್ದಾಗ ಪೋರ್ಷೆ ಕಾರುಗಳನ್ನು ರೇಸಿಗಿಳಿಸಲಿದ್ದ ಜೆಡಬ್ಲ್ಯೂ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಕಣ್ಣಿಗೆ ಒಂದು ಸಣ್ಣ ವಿಷಯ ಬಿತ್ತು. ಕಾರಿನ ಮೂತಿ, ಗಾಜಿನ ಮೇಲೆಲ್ಲ ಹೊಡೆದು ಸತ್ತ ಸೊಳ್ಳೆಯಂಥ ಹುಳಗಳು. ಹಿಂದಿನ ಸ್ಪಾಯ್ಲರಿನ ಮೇಲೆ ಒಂದೂ ಇಲ್ಲ. ಹುಳ ತಲುಪದ ಕಡೆ ಗಾಳಿಯೂ ತಲುಪುತ್ತಿಲ್ಲ, ಸ್ಪಾಯ್ಲರ್ ಬರೀ ಅಲಂಕಾರಕ್ಕೆ ನಿಂತಿದೆ ಎಂದು ಆತ ಊಹಿಸಿದ. ತಂಡದವರು ಅಲ್ಲೇ ಅಲ್ಯೂಮಿನಿಯಂ ತಗಡು ಕತ್ತರಿಸಿ, ಬಾಲವನ್ನು ಮೊಟಕು ಮಾಡಿ ಮೇಲಕ್ಕೆ ಎತ್ತಿ ಕಟ್ಟಿದರು. ಓಡಿಸಿ ಬಂದ ಚಾಲಕರ ಮುಖವೇ ಬೇರೆಯಾಗಿತ್ತು. 1970ರಲ್ಲಿ ಅದೇ ಮೊಟಕು ಬಾಲದ 917 ಪೋರ್ಷೆಗೆ ಮೊದಲ ಲೆ ಮಾನ್ಸ್ ಗೆಲುವು ತಂದುಕೊಟ್ಟಿತು. ಗಾಳಿ ಸುರಂಗದಲ್ಲಿ ಸಿಗದ ಉತ್ತರ ಹುಳದಲ್ಲಿ ಸಿಕ್ಕಿತು. ಇಷ್ಟು ಚೆಂದದ ಪ್ರಸಂಗ ಈ ಇಡೀ ಇತಿಹಾಸದಲ್ಲಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಅಟ್ಲಾಂಟಿಕ್ ಆಚೆ ಲೆಕ್ಕದ ಗಾತ್ರವೇ ಬೇರೆ. ಅಮೆರಿಕದ ನ್ಯಾಸ್ಕಾರ್ ರೇಸಿಗೆ 500 ಕಾರು ಮಾರಿರಬೇಕಿತ್ತು. ಫೋರ್ಡ್ ಮುಂದೆ ಸೋತು ಸುಣ್ಣವಾಗಿದ್ದ ಕ್ರೈಸ್ಲರ್ ಕಂಪನಿ, ರಾಕೆಟ್ ವಿಭಾಗದಲ್ಲಿ ಪಳಗಿದ್ದ ಎಂಜಿನಿಯರುಗಳನ್ನೂ ಕೂರಿಸಿಕೊಂಡು 1969ರಲ್ಲಿ ಡಾಜ್ ಚಾರ್ಜರ್ ಡೇಟೋನಾ ಮಾಡಿತು. ಮುಂದೆ ಚೂಪು ಮೂತಿ, ಹಿಂದೆ 23 ಇಂಚು ಎತ್ತರದ ರೆಕ್ಕೆ, ಒಟ್ಟು 503 ಕಾರು. ಡಿಕ್ಕಿಯ ಬಾಗಿಲು ಪೂರ್ತಿ ತೆರೆಯಬೇಕಲ್ಲ, ಅದಕ್ಕೇ ರೆಕ್ಕೆ ಅಷ್ಟೆತ್ತರ ಎಂಬ ಮಾತು ಹಬ್ಬಿತು. ಚಾವಣಿಯ ಹಿಂದಿನ ಕಲಕಿದ ಗಾಳಿಯನ್ನು ದಾಟಿ ಶುದ್ಧ ಗಾಳಿಗೆ ತಲುಪಲೆಂದು ಹಾಗೆ ಮಾಡಿದ್ದು ಎಂದವರೂ ಇದ್ದಾರೆ. 1970ರ ಮಾರ್ಚ್ 24ರಂದು ಟ್ಯಾಲಡೆಗಾದಲ್ಲಿ ಬಡ್ಡಿ ಬೇಕರ್ ಇದರಲ್ಲಿ ಗಂಟೆಗೆ 200 ಮೈಲಿ ದಾಟಿದ. ಮುಚ್ಚಿದ ಸುತ್ತಿನ ಟ್ರ್ಯಾಕಿನಲ್ಲಿ ಅಂಥ ಕಾರು ಅಷ್ಟು ವೇಗ ಕಂಡದ್ದು ಅದೇ ಮೊದಲು.

ಅಷ್ಟರಲ್ಲಾಗಲೇ ನ್ಯಾಸ್ಕಾರ್ ಸಂಖ್ಯೆ ಏರಿಸಿತ್ತು. ಇನ್ನು ಮೇಲೆ ಎರಡು ಡೀಲರಿಗೆ ಒಂದರಂತೆ ಕಾರು ಮಾಡಬೇಕು ಎಂದಿತ್ತು. ಕ್ರೈಸ್ಲರ್ ಅದಕ್ಕೂ ಸೈ ಎಂದು ಪ್ಲಿಮತ್ ಸೂಪರ್‌ಬರ್ಡ್ ಎಂಬ ತಮ್ಮನನ್ನು ಸಾವಿರದ ಒಂಬೈನೂರು ಚಿಲ್ಲರೆ ಸಂಖ್ಯೆಯಲ್ಲಿ ಮಾಡಿತ್ತು. ಫೋರ್ಡಿಗೆ ಹೋಗಿದ್ದ ಚಾಲಕ ರಿಚರ್ಡ್ ಪೆಟಿಯನ್ನು ಮರಳಿ ಕರೆತಂದದ್ದೂ ಈ ಕಾರೇ. ಟ್ರ್ಯಾಕಿನಲ್ಲಿ ಸಿಂಹ, ಷೋರೂಮಿನಲ್ಲಿ ಅನಾಥ. ಅಂಥ ವಿಕಾರದ ಬಾಲ ಯಾರಿಗೆ ಬೇಕು ಎಂದು ಗಿರಾಕಿಗಳು ಹಿಂದೆ ಸರಿದರು. ಕೆಲವು ಡೀಲರುಗಳು ಮೂತಿ, ರೆಕ್ಕೆ ಕಿತ್ತು, ಮಾಮೂಲಿ ಕಾರಿನ ಭಾಗ ಜೋಡಿಸಿ ಮಾರಿ ಕೈತೊಳೆದುಕೊಂಡರು. 1971ಕ್ಕೆ ರೆಕ್ಕೆಯ ಕಾರಿಗೆ ಐದು ಲೀಟರಿಗಿಂತ ದೊಡ್ಡ ಎಂಜಿನ್ ಇಲ್ಲ ಎಂದು ನ್ಯಾಸ್ಕಾರ್ ನಿಯಮ ಮಾಡಿತು. ರೆಕ್ಕೆ ನಿಷೇಧಿಸಲಿಲ್ಲ, ಸಾಕಲು ಆಗದಂತೆ ಮಾಡಿತು.

ಪೋರ್ಷೆಯ ಮಾರಾಟಗಾರರಿಗೂ ಇದೇ ಭಯವಿತ್ತು. 1972ರಲ್ಲಿ ಕಂಪನಿಗೆ ರೇಸಿಗಾಗಿ ಹಗುರಾದ 911 ಬೇಕಾಗಿತ್ತು, ಒಪ್ಪಿಗೆಗೆ ಬೇಕಾದ ಸಂಖ್ಯೆ 500. 911ರ ಎಂಜಿನ್ ಹಿಂದಿನ ಚಕ್ರಕ್ಕೂ ಹಿಂದೆ ಕೂತದ್ದು, ಬೆನ್ನು ಇಳಿಜಾರು. ವೇಗದಲ್ಲಿ ಬಾಲ ಹಗುರಾಗುವುದು ಅದರ ಹುಟ್ಟುಗುಣ. ಟಿಲ್‌ಮಾನ್ ಬ್ರೋಡ್‌ಬೆಕ್, ಹರ್ಮನ್ ಬುರ್ಸ್ಟ್ ಎಂಬ ಯುವ ಎಂಜಿನಿಯರುಗಳು ತಂತಿ, ತಗಡು ಹಿಡಿದುಕೊಂಡು ಗಾಳಿ ಸುರಂಗಕ್ಕೆ ಹೋಗಿ, ಎಂಜಿನಿನ ಮುಚ್ಚಳದ ತುದಿಯನ್ನು ಸ್ವಲ್ಪ ಎಬ್ಬಿಸುವುದು, ಅಳೆಯುವುದು, ಇನ್ನಷ್ಟು ಎಬ್ಬಿಸುವುದು, ಮತ್ತೆ ಅಳೆಯುವುದು ಎಂದು ಕೂತರು. ಕೊನೆಗೆ ಬಾತುಕೋಳಿ ಬಾಲದಂಥ ಆಕಾರ ಬಂತು. ಗಂಟೆಗೆ 245 ಕಿಲೋಮೀಟರಿನಲ್ಲಿ ಹಿಂಭಾಗವನ್ನು ಎತ್ತುತ್ತಿದ್ದ ಬಲ ಸುಮಾರು 145 ಕಿಲೋದಿಂದ 42ರ ಆಸುಪಾಸಿಗೆ ಇಳಿಯಿತು. ತಗಡು ಅಡ್ಡ ನಿಂತರೆ ವೇಗ ಕಡಿಮೆಯಾಗಬೇಕಲ್ಲವೇ? ಇಲ್ಲಿ ಗರಿಷ್ಠ ವೇಗ ಒಂದಿಷ್ಟು ಏರಿತು, ಏಕೆಂದರೆ ಗಾಳಿ ಇಳಿಜಾರಿಗೆ ಅಂಟಿಕೊಂಡು ಎಳೆಯುವುದು ತಪ್ಪಿತ್ತು. ಆಗಸ್ಟಿನಲ್ಲಿ ಪೇಟೆಂಟ್ ಅರ್ಜಿ ಹೋಯಿತು.

ಅಕ್ಟೋಬರಿನ ಪ್ಯಾರಿಸ್ ಮೋಟಾರು ಮೇಳದಲ್ಲಿ 911 ಕರೆರಾ ಆರ್‌ಎಸ್ 2.7 ಪರದೆ ಸರಿಸಿತು. 210 ಅಶ್ವಶಕ್ತಿ, ಹಗುರ ಮಾದರಿಯ ತೂಕ 960 ಕಿಲೋ, ಹಿಂದಿನ ಸೀಟು, ಗಡಿಯಾರ, ಕೈ ಒರಗಿಸುವ ದಿಂಬು ಎಲ್ಲ ಕಿತ್ತುಹಾಕಿ. 500 ಮಾರುವುದು ಹೇಗಪ್ಪಾ ಎಂದು ಕೂತಿದ್ದವರ ಮುಂದೆ ನೋಡನೋಡುತ್ತಲೇ ಅಷ್ಟೂ ಖರ್ಚಾದವು. ಕೊನೆಗೆ ತಯಾರಾದದ್ದು 1,580. ಅದರ ರೇಸಿನ ರೂಪ ಆರ್‌ಎಸ್‌ಆರ್ 1973ರ ಫೆಬ್ರವರಿಯಲ್ಲಿ ಡೇಟೋನಾ 24 ಗಂಟೆ ರೇಸನ್ನೂ ಮೇ ತಿಂಗಳಲ್ಲಿ ಸಿಸಿಲಿಯ ಟಾರ್ಗಾ ಫ್ಲೋರಿಯೊವನ್ನೂ ಗೆದ್ದಿತು. ನಿಯಮಕ್ಕಾಗಿ ಕಷ್ಟಪಟ್ಟು ಮಾರಬೇಕಿದ್ದ ವಸ್ತುವನ್ನು ಜನ ಕೇಳಿ ಕೊಳ್ಳತೊಡಗಿದರು. ನನ್ನ ಮಟ್ಟಿಗೆ ಈ ಚರಿತ್ರೆ ತಿರುಗಿದ್ದು ಇಲ್ಲಿ. ಸೂಪರ್‌ಬರ್ಡಿಗೂ ಆರ್‌ಎಸ್‌ಗೂ ನಡುವೆ ಇರುವುದು ಎರಡೇ ವರ್ಷ.

ಮತ್ತೆ ಆ ಡಿಕ್ಕಿಗೆ ಬರೋಣ. ಬಿಎಂಡಬ್ಲ್ಯೂ ತನ್ನ ರೇಸಿಂಗ್ ವಿಭಾಗವನ್ನು 1972ರ ಮೇ ತಿಂಗಳಲ್ಲಿ ಕಟ್ಟಿತು. ಅದನ್ನು ನಡೆಸಲು ಬಂದ ಯೋಖನ್ ನೀರ್‌ಪಾಶ್, ಎಂಜಿನಿಯರ್ ಮಾರ್ಟಿನ್ ಬ್ರೌನ್‌ಗಾರ್ಟ್ ಇಬ್ಬರೂ ಎದುರಾಳಿ ಫೋರ್ಡಿನ ಮನೆಯಿಂದಲೇ ಬಂದವರು. ಫೋರ್ಡ್ ಕ್ಯಾಪ್ರಿಯ ಬಲವೂ ಗೊತ್ತು, ದೌರ್ಬಲ್ಯವೂ ಗೊತ್ತು. ಸಿಎಸ್‌ಎಲ್‌ಗೆ ಅಲ್ಯೂಮಿನಿಯಂ ಬಾಗಿಲು, ಬಾನೆಟ್ ಹಾಕಿ ತೂಕ ಇಳಿಸಿದ್ದರು. ಸಾಲದೆಂದು ಮುಂದೆ ಗಡ್ಡ, ಮುಂದಿನ ಮಡ್‌ಗಾರ್ಡುಗಳ ಮೇಲೆ ರಬ್ಬರಿನ ಏಣು, ಚಾವಣಿಯ ಹಿಂತುದಿಗೊಂದು ತಡೆ, ಡಿಕ್ಕಿಯ ಮೇಲೆ ಆ ರೆಕ್ಕೆ. ಜುಲೈನಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ತಿಂಗಳು ನೂರ್ಬರ್ಗ್‌ರಿಂಗ್‌ನ 6 ಗಂಟೆ ರೇಸಿನಲ್ಲಿ ರೆಕ್ಕೆಯ ಸಿಎಸ್‌ಎಲ್ ಗೆದ್ದಿತು. ಓಡಿಸಿದವರು ಹಾನ್ಸ್-ಯೋಕಿಮ್ ಸ್ಟುಕ್ ಮತ್ತು ಅದೇ ಕ್ರಿಸ್ ಏಮನ್. ಆ ವರ್ಷದ ಯುರೋಪಿಯನ್ ಟೂರಿಂಗ್ ಚಾಂಪಿಯನ್‌ಷಿಪ್ ಬಿಎಂಡಬ್ಲ್ಯೂ ಪಾಲಾಯಿತು. ಜನ ಕಾರಿಗೆ ಬ್ಯಾಟ್‌ಮೊಬೈಲ್ ಎಂದು ಅಡ್ಡಹೆಸರಿಟ್ಟರು. ರೆಕ್ಕೆ ಸಮೇತ ತಯಾರಾದ ಸಿಎಸ್‌ಎಲ್‌ಗಳು ಒಟ್ಟು 167.

ಇಷ್ಟೆಲ್ಲ ನಡೆಯುವಾಗ ನಮ್ಮಲ್ಲಿ ಏನಿತ್ತು ಎಂದು ಕೇಳಬಹುದು. ಅಂಬಾಸಿಡರ್ ಇತ್ತು, ಫಿಯಟ್ ಇತ್ತು, ಮದ್ರಾಸಿನ ಹತ್ತಿರ ಶೋಲಾವರಂನ ಹಳೆಯ ವಿಮಾನಪಟ್ಟಿಯಲ್ಲಿ ರೇಸು ನಡೆಯುತ್ತಿತ್ತು. ನಿಯಮಕ್ಕಾಗಿ ಐನೂರು ಕಾರು ಮಾಡುವ ಮಾತಿರಲಿ, ದುಡ್ಡು ಕಟ್ಟಿದವನಿಗೆ ಒಂದು ಕಾರು ಸಿಗುವುದೇ ವರ್ಷಗಟ್ಟಲೆ ಆಮೇಲೆ. 1982ರ ಹೊತ್ತಿಗೆ ಬೆಂಗಳೂರಿನ ಸಿಪಾನಿ ಕಂಪನಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯ ಮೇಲೆ ಡಾಲ್ಫಿನ್ ಎಂಬ ಪುಟ್ಟ ಫೈಬರ್‌ಗ್ಲಾಸ್ ಕಾರು ಮಾಡಿತು, 848 ಸಿಸಿ ಎಂಜಿನ್. ಸಂಸಾರಕ್ಕೆಂದು ಮಾಡಿದ ಆ ಕಾರು ಸಂಸಾರಸ್ಥರಿಗಿಂತ ಹೆಚ್ಚು ರೇಸು, ರ‍್ಯಾಲಿಯವರಿಗೆ ಹಿಡಿಸಿತು, ಏಕೆಂದರೆ ಅದು ಹಗುರ. ಜರ್ಮನ್ನರು ರೇಸಿಗಾಗಿ ಮಾಡಿ ಸಂಸಾರಸ್ಥರಿಗೆ ಮಾರಿದರೆ, ನಮ್ಮವರದು ಅದರ ತದ್ವಿರುದ್ಧ. ವಿಚಿತ್ರವೆಂದರೆ ಬೆಂಗಳೂರಿನಲ್ಲಿ ಗಾಳಿಯ ವಿದ್ಯೆಗೆ ಬರವಿರಲಿಲ್ಲ. ಎಚ್‌ಎಎಲ್ 1940ರಿಂದ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ವಿಭಾಗ 1942ರಿಂದ ಇದೆ. ಯುರೋಪು, ಅಮೆರಿಕದಲ್ಲಿ ಕಾರಿಗೆ ಬಾಲ ಕಟ್ಟಿದವರಲ್ಲಿ ವಿಮಾನದ ಮೆಕ್ಯಾನಿಕ್ಕು, ರಾಕೆಟ್ಟಿನ ಎಂಜಿನಿಯರು, ಗ್ಲೈಡರಿನ ಪ್ರೊಫೆಸರು ಎಲ್ಲ ಇದ್ದರು. ಇಲ್ಲಿ ವಿಮಾನದವರೂ ಇದ್ದರು, ಕಾರಿನವರೂ ಇದ್ದರು, ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸುವ ಆ 500ರ ನಿಯಮ ಇರಲಿಲ್ಲ.

ಗ್ಲೈಡರಿನ ಪ್ರೊಫೆಸರ್ ಬರುವುದು 1990ಕ್ಕೆ. ಅದಕ್ಕೆ ಮೊದಲು ಗ್ರೂಪ್ ಎ ಎಂಬ ಹೊಸ ನಿಯಮ 1982ರಲ್ಲಿ ಬಂದು ಲೆಕ್ಕವನ್ನು 5,000ಕ್ಕೆ ಏರಿಸಿತ್ತು. ಅಷ್ಟು ಮಾಡಿದ ಮೇಲೆ ಸುಧಾರಿತ ರೂಪಕ್ಕೆ ಇನ್ನು 500 ಮಾಡಿದರೆ ಸಾಕು. ಫೋರ್ಡ್ ಇದನ್ನು ಚೆನ್ನಾಗಿ ಓದಿಕೊಂಡಿತು. ಮಾಮೂಲಿ ಸಿಯೆರಾ ಕಾರಿಗೆ ಕಾಸ್ವರ್ತ್ ಕಂಪನಿಯ ಟರ್ಬೊ ಎಂಜಿನ್ ಹಾಕಿ, ಹಿಂದಿನ ಗಾಜಿನ ಮಧ್ಯೆ ಒಂದು ಕಂಬ ನೆಟ್ಟು ದೊಡ್ಡ ಸ್ಪಾಯ್ಲರ್ ಎತ್ತಿ, ಐದು ಸಾವಿರದ ಮೇಲೆ ಮಾಡಿತು. 1987ರಲ್ಲಿ ಉಳಿದ 500ನ್ನು ಆರ್‌ಎಸ್500 ಎಂದು ಹೆಸರಿಟ್ಟು ಹೊರತಂದಿತು. ದೊಡ್ಡ ಸ್ಪಾಯ್ಲರಿನ ಅಂಚಿಗೆ ಇನ್ನೊಂದು ತುಟಿ, ಅದರ ಕೆಳಗೆ ಡಿಕ್ಕಿಯ ಬಾಗಿಲಿಗೆ ಇನ್ನೊಂದು ಸಣ್ಣ ಸ್ಪಾಯ್ಲರ್. ಇದ್ದದ್ದು ಸಾಲದು ಎನ್ನುವಂತಿತ್ತು. ಟ್ರ್ಯಾಕಿನಲ್ಲಿ ಅದನ್ನು ಹಿಡಿಯುವವರೇ ಇರಲಿಲ್ಲ. 1988ರಲ್ಲಿ ಆಸ್ಟ್ರೇಲಿಯದ ಬಾಥರ್ಸ್ಟ್ 1000 ಗೆದ್ದದ್ದು ಅದೇ. ಇಂಗ್ಲೆಂಡಿನ ಬೀದಿಗಳಲ್ಲಿ ಅದು ಕಳ್ಳರ ಅಚ್ಚುಮೆಚ್ಚಾಗಿ ವಿಮಾ ಕಂತು ಏರುತ್ತಲೇ ಹೋಯಿತು.

1990ರ ಮಾರ್ಚಿನಲ್ಲಿ ಜಿನೀವಾ ಮೇಳದಲ್ಲಿ ಮರ್ಸಿಡಿಸ್ ತನ್ನ 190ಇ 2.5-16 ಎವೊಲ್ಯೂಷನ್ 2 ತೋರಿಸಿದಾಗ ಜನಕ್ಕೆ ನಂಬಿಕೆ ಬರಲಿಲ್ಲ. ವಕೀಲರು, ವೈದ್ಯರು ಓಡಿಸುವ ನಾಲ್ಕು ಬಾಗಿಲಿನ ಸಭ್ಯ ಕಾರು. ಅದರ ಬೆನ್ನ ಮೇಲೆ ಊಟದ ಬೆಂಚಿನಷ್ಟು ಎತ್ತರದ ಹೊಂದಿಸಬಲ್ಲ ರೆಕ್ಕೆ. ವಿನ್ಯಾಸಕ್ಕೆ ಹಿಂದೆ ನಿಂತವರು ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ರಿಚರ್ಡ್ ಎಪ್ಲರ್, ಗ್ಲೈಡರ್ ರೆಕ್ಕೆಗಳ ಆಕಾರಕ್ಕೆ ಜಗತ್ತಿನಲ್ಲೇ ಹೆಸರಾದವರು. ಅದು ಕೆಲಸ ಮಾಡುವುದೇ ಹೌದಾದರೆ ನಮ್ಮ ಗಾಳಿ ಸುರಂಗವನ್ನು ಕೆಡವಿ ಕಟ್ಟಬೇಕಾದೀತು ಎಂಬ ಧಾಟಿಯಲ್ಲಿ ಬಿಎಂಡಬ್ಲ್ಯೂ ಕಡೆಯ ವುಲ್ಫ್‌ಗಾಂಗ್ ರೈಟ್ಸ್‌ಲೆ ಚುಚ್ಚಿದರೆಂದು ಪ್ರತೀತಿ. ಕೆಲಸ ಮಾಡಿತು. 1992ರ ಜರ್ಮನ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್, ಅಂದರೆ ಡಿಟಿಎಂ, ಕ್ಲಾಸ್ ಲುಡ್ವಿಗ್ ಪಾಲಾಯಿತು. ಎರಡು, ಮೂರನೆಯ ಸ್ಥಾನವೂ ಮರ್ಸಿಡಿಸ್‌ಗೇ. ಮಾರಾಟಕ್ಕೆ ಮಾಡಿದ್ದು 502 ಕಾರು, ನಿಯಮಕ್ಕೆ ಬೇಕಾದ್ದಕ್ಕಿಂತ ಎರಡು ಹೆಚ್ಚು. ಚುಚ್ಚಿದ ಬಿಎಂಡಬ್ಲ್ಯೂ ಕೂಡ 1990ರಲ್ಲೇ ಹೊಂದಿಸಬಲ್ಲ ಸ್ಪಾಯ್ಲರಿನ ಎಂ3 ಸ್ಪೋರ್ಟ್ ಎವೊಲ್ಯೂಷನ್ 600 ಮಾಡಿ ಮಾರಿತು.

ನಾಲ್ಕು ವರ್ಷದ ನಂತರ ಡಿಕ್ಕಿ ಮತ್ತೆ ಕೆಲಸಕ್ಕೆ ಬಂತು, ಈ ಬಾರಿ ಇಂಗ್ಲೆಂಡಿನಲ್ಲಿ. 1994ರ ಬ್ರಿಟಿಷ್ ಟೂರಿಂಗ್ ಕಾರ್ ರೇಸಿಗೆ ಬಂದ ಆಲ್ಫಾ ರೋಮಿಯೊ 155 ಕಾರಿಗೆ ಮುಂದೆ ಚಾಚುವ ಗಡ್ಡ, ಹಿಂದೆ ಎತ್ತಿ ನಿಲ್ಲಿಸಿದ ರೆಕ್ಕೆ. ಗಾಬ್ರಿಯೆಲೆ ಟಾರ್ಕ್ವಿನಿ ಮೊದಲ ಐದು ರೇಸನ್ನೂ ಗೆದ್ದ. ಇದು ಎಲ್ಲಿಂದ ಬಂತು ಎಂದು ಎದುರಾಳಿಗಳು ಕೇಳಿದರೆ ಆಲ್ಫಾದ ಉತ್ತರ ಸಿದ್ಧವಿತ್ತು: 2,500 ರಸ್ತೆಯ ಕಾರುಗಳ ಜೊತೆ ಕೊಟ್ಟಿದ್ದೇವೆ. ಕೊಟ್ಟದ್ದು ನಿಜ. ರೆಕ್ಕೆ ಎತ್ತುವ ತುಂಡುಗಳನ್ನು ಡಿಕ್ಕಿಯಲ್ಲಿಟ್ಟು ಕೊಟ್ಟಿದ್ದರು. ಮೇ ತಿಂಗಳಲ್ಲಿ ಔಲ್ಟನ್ ಪಾರ್ಕಿನಲ್ಲಿ ಅವನ್ನು ಮಡಚಿ ಓಡಿಸಿ ಎಂದು ಅಧಿಕಾರಿಗಳು ಆಜ್ಞೆ ಮಾಡಿದಾಗ ಇಡೀ ತಂಡ ಗಂಟುಮೂಟೆ ಕಟ್ಟಿ ಹೊರಟುಹೋಯಿತು. ರಾಜಿಯಾಗಿ ಮತ್ತೆ ಬಂತು. ಟಾರ್ಕ್ವಿನಿ ಚಾಂಪಿಯನ್ ಆದ. 1995ರಿಂದ ಎಲ್ಲರಿಗೂ ರೆಕ್ಕೆ ಹಾಕಲು ಅನುಮತಿ ಕೊಟ್ಟು ಜಗಳದ ಬೇರನ್ನೇ ಕಿತ್ತರು.

ಇನ್ನು ಉಳಿದದ್ದು ಹುಚ್ಚಿನ ಕೊನೆಯ ಮಜಲು. ತೊಂಬತ್ತರ ದಶಕದ ಜಿಟಿ1 ರೇಸುಗಳಲ್ಲಿ ಲೆಕ್ಕ ಇಳಿಯುತ್ತಾ ಹೋಗಿ, ಕೊನೆಗೆ ಲೆ ಮಾನ್ಸ್‌ನವರಿಗೆ ಒಂದು ರಸ್ತೆಯ ಕಾರು ತೋರಿಸಿದರೂ ನಡೆಯುವಂತಾಯಿತು. ಮೆಕ್ಲಾರೆನ್ 1997ರಲ್ಲಿ ಉದ್ದ ಬಾಲದ ಎಫ್1 ಜಿಟಿ ಮಾಡಿದ್ದು ಬೆರಳೆಣಿಕೆಯಷ್ಟು, ಆ ಬಾಲಕ್ಕೆ ಒಪ್ಪಿಗೆ ಬೇಕಿದ್ದರಿಂದ ಮಾತ್ರ. 1998ರ ಟೊಯೋಟಾ ಜಿಟಿ-ಒನ್ ಎಲ್ಲರನ್ನೂ ಮೀರಿಸಿತು. ರಸ್ತೆಯ ಕಾರಿನಲ್ಲಿ ಒಂದು ಸೂಟ್‌ಕೇಸ್ ಇಡುವಷ್ಟು ಜಾಗ ಇರಲೇಬೇಕೆಂದು ನಿಯಮವಿತ್ತು. ಇದರಲ್ಲಿ ಡಿಕ್ಕಿಯೇ ಇಲ್ಲ. ಪೆಟ್ರೋಲ್ ಟ್ಯಾಂಕು ಖಾಲಿ ಇದ್ದಾಗ ಅದರೊಳಗೆ ಸೂಟ್‌ಕೇಸ್ ಹಿಡಿಸುತ್ತದಲ್ಲ ಎಂದು ಟೊಯೋಟಾ ವಾದಿಸಿತು, ಅಧಿಕಾರಿಗಳು ಅದನ್ನೂ ಒಪ್ಪಿದರು. ಎದುರಾಳಿಗಳಿಗೆ ಖರ್ಚು ತಾಳಲಾಗದೆ ಆ ವರ್ಷದ ಕೊನೆಗೆ ಜಿಟಿ1 ವಿಭಾಗವೇ ಮುಚ್ಚಿಹೋಯಿತು.

ಡಿಟಿಎಂ ಈಗಲೂ ಇದೆ. ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲಿ ಅಲ್ಲಿಗೆ ಹೋಗಿ ಮೊದಲು ಓಡಿಸಿದ್ದು ಮರ್ಸಿಡಿಸ್-ಎಎಂಜಿ ಜಿಟಿ3 ಕಾರನ್ನು. ಅದರ ಹಿಂದೆಯೂ ದೊಡ್ಡ ರೆಕ್ಕೆಯಿದೆ, ಎವೊಲ್ಯೂಷನ್ 2ರದಕ್ಕಿಂತ ದೊಡ್ಡದು. ಆದರೆ ಅದನ್ನು ಷೋರೂಮಿನಲ್ಲಿ ಐನೂರು ಜನಕ್ಕೆ ಮಾರುವ ಗೋಜು ಈಗ ಯಾವ ಕಂಪನಿಗೂ ಇಲ್ಲ. ಜಿಟಿ3 ನಿಯಮದಲ್ಲಿ ರೇಸಿನ ಕಾರನ್ನು ಅದಾಗಿಯೇ ಪರೀಕ್ಷಿಸಿ ಒಪ್ಪಿಗೆ ಕೊಡುತ್ತಾರೆ. ಆಮೇಲೆ ಒಂದಕ್ಕೆ ತೂಕ ಏರಿಸಿ, ಇನ್ನೊಂದರ ಎಂಜಿನ್ ಶಕ್ತಿ ಇಳಿಸಿ ಎಲ್ಲ ಕಂಪನಿಗಳ ಕಾರುಗಳನ್ನೂ ಹತ್ತಿರ ಹತ್ತಿರ ತರುತ್ತಾರೆ. ಒಬ್ಬರ ರೆಕ್ಕೆ ಇನ್ನೊಬ್ಬರದಕ್ಕಿಂತ ಚೆನ್ನಾಗಿದ್ದರೆ ಅದರ ಲಾಭ ಅಲ್ಲೇ ವಜಾ ಆಗುತ್ತದೆ.